ಹನ್ನೊಂದು ಉಡುಪು, ಒಂದೇ ಅಳತೆ

ಮೌಸ್ ಹಿಡಿಯುವುದು ಹೇಡಿಗಳ ಲಕ್ಷಣ ಎಂದು ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ನಾನು ಘೋಷಿಸಿದೆ. ಕೇಳಿಸಿಕೊಂಡವಳು ಹೆಂಡತಿ ಒಬ್ಬಳೇ. ಅವಳ ಬಾಯಲ್ಲಿ ಗುಂಡುಸೂಜಿಗಳಿದ್ದುದರಿಂದ ಚರ್ಚೆ ನಡೆಯಲಿಲ್ಲ.

ಮನೆಯ ಮುದಿ ಕಂಪ್ಯೂಟರಿಗೆ ಹಿಂದಿನ ತಿಂಗಳು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಹಾಕಿಸಿದ್ದೆ. ಅದರಲ್ಲಿ ಟರ್ಮಿನಲ್ ಎಂಬ ಕರಿ ಕಿಟಕಿಯೊಂದಿದೆ. ಚಿತ್ರವಿಲ್ಲ, ಗುಂಡಿಯಿಲ್ಲ. ನಾವು ಅಕ್ಷರದಲ್ಲಿ ಆಜ್ಞೆ ಕೊಡಬೇಕು, ಕಂಪ್ಯೂಟರ್ ತಲೆಬಾಗಿ ಪಾಲಿಸಬೇಕು. ವಾಚನಾಲಯದ ಕೌಂಟರಿನಲ್ಲಿ ಇಪ್ಪತ್ತು ವರ್ಷ ಕೂತವನು ನಾನು. ಅಲ್ಲಾಗಲಿ ಮನೆಯಲ್ಲಾಗಲಿ ನನ್ನ ಆಜ್ಞೆಯನ್ನು ಯಾರೂ ಪಾಲಿಸಿದ ದಾಖಲೆಯಿಲ್ಲ. ಆದ್ದರಿಂದ ಒಂದು ದಿನ ರಜೆ ಹಾಕಿ, ಚಕ್ರವರ್ತಿಯ ಠೀವಿಯಲ್ಲಿ ಕುರ್ಚಿ ಎಳೆದುಕೊಂಡು ಕುಳಿತೆ!

ಹೆಂಡತಿಯದು ಹೊಲಿಗೆಯ ಕೆಲಸ. ಹನ್ನೊಂದು ಹೆಂಗಸರ ಗಾಯನ ತಂಡವೊಂದು ಕಾರ್ಯಕ್ರಮದ ಉಡುಪುಗಳನ್ನು ಅವಳಿಗೆ ಒಪ್ಪಿಸಿತ್ತು. ಅದು ಅವಳಿಗೆ ಸಿಕ್ಕ ಮೊದಲ ದೊಡ್ಡ ಕೆಲಸ, ಶನಿವಾರದೊಳಗೆ ಮುಗಿಯಬೇಕು. ಒಬ್ಬೊಬ್ಬರ ಅಳತೆಗೂ ಒಂದೊಂದು ಫೈಲು ಮಾಡಿ, ನರ್ಸಮ್ಮ, ಅಂಚೆಯಮ್ಮ, ಎತ್ತರದಕ್ಕ ಎಂದೆಲ್ಲ ಅಡ್ಡಹೆಸರಿಟ್ಟು ಈ ಕಂಪ್ಯೂಟರಿನಲ್ಲೇ ಇಟ್ಟಿದ್ದಳು.

"ಏನಿದು, ಎಲ್ಲಾ ಹರಡ್ಕೊಂಡು ಬಿದ್ದಿದೆ! 'ಅಳತೆ' ಅಂತ ಒಂದೇ ಫೋಲ್ಡರಿಗೆ ಹಾಕಿಕೊಡ್ತೀನಿ."

ಅವಳು ಸೂಜಿಗಳನ್ನು ತೆಗೆದಳು. "ಬೇಡ ರೀ. ಹರಡಿದ್ರೂ ಕೈಗೆ ಸಿಗ್ತಿದೆ."

"ಎರಡೇ ನಿಮಿಷ!"

ಎರಡು ನಿಮಿಷವೂ ಬೇಕಾಗಲಿಲ್ಲ. ಫೈಲನ್ನು ಎತ್ತಿಡುವ ಆಜ್ಞೆಗೆ ಎಂವಿ ಎನ್ನುತ್ತಾರೆ. 'ಎಂವಿ ನರ್ಸಮ್ಮ ಅಳತೆ' ಎಂದು ಕುಟ್ಟಿ ಎಂಟರ್ ಒತ್ತಿದೆ. ಕರಿ ಕಿಟಕಿ ತುಟಿ ಪಿಟಕ್ಕೆನ್ನಲಿಲ್ಲ. ವಾಚನಾಲಯದವನಿಗೆ ನಿಶ್ಶಬ್ದಕ್ಕಿಂತ ಒಳ್ಳೆಯ ಸುದ್ದಿ ಇನ್ನೇನಿದೆ? ಅಂಚೆಯಮ್ಮನನ್ನು ಕಳಿಸಿದೆ. ನಿಶ್ಶಬ್ದ. ಹೀಗೇ ಒಬ್ಬೊಬ್ಬರನ್ನೇ ಸಾಗಹಾಕಿ, ಕೊನೆಗೆ ಎತ್ತರದಕ್ಕನನ್ನೂ ಕಳಿಸಿ ಮೀಸೆ ನೀವಿಕೊಂಡೆ.

ಪಕ್ಕದ ಕೋಣೆಯಿಂದ ಕೂಗು ಬಂತು. "ಬಟ್ಟೆ ಹಾಸಿದ್ದೀನಿ. ಅಂಚೆಯಮ್ಮನ ಉದ್ದ ಎಷ್ಟು ನೋಡಿ."

ನೋಡಿದೆ. ಹನ್ನೊಂದು ಫೈಲುಗಳಿರಬೇಕಾದ ಕಡೆ 'ಅಳತೆ' ಎಂಬ ಒಂದೇ ಒಂದು ಫೈಲು ಕೂತಿತ್ತು. ಆದರೂ ಅದರಲ್ಲಿದ್ದುದನ್ನು ಓದಿದೆ. "ಐವತ್ತೆಂಟು ಇಂಚು."

"ಐವತ್ತೆಂಟಾ? ಆಯಮ್ಮ ಪೋಸ್ಟಾಫೀಸ್ ಕೌಂಟರ್ ಹಿಂದೆ ನಿಂತ್ರೆ ಬರೀ ತುರುಬು ಕಾಣುತ್ತೆ!"

"ಕಂಪ್ಯೂಟರ್ ಸ್ವಲ್ಪ ಯೋಚನೆ ಮಾಡ್ತಿದೆ. ಇರು."

ಯೋಚನೆ ಮಾಡಬೇಕಾಗಿದ್ದವನು ನಾನು. ಆ ಹೆಸರಿನ ಫೋಲ್ಡರನ್ನು ನಾನು ಮಾಡಿಯೇ ಇರಲಿಲ್ಲ! ಫೋಲ್ಡರ್ ಕಾಣದ ಕಂಪ್ಯೂಟರ್ ನರ್ಸಮ್ಮನಿಗೇ 'ಅಳತೆ' ಎಂದು ಹೆಸರಿಟ್ಟಿತ್ತು. ಹಿಂದೆಯೇ ಬಂದ ಅಂಚೆಯಮ್ಮನಿಗೂ ಅದೇ ಹೆಸರಿಟ್ಟು ನರ್ಸಮ್ಮನನ್ನು ಅಳಿಸಿತ್ತು. ಹೀಗೆ ಒಬ್ಬರನ್ನೊಬ್ಬರು ನುಂಗುತ್ತ ಬಂದು, ಕಡೆಗೆ ಉಳಿದವಳು ಎತ್ತರದಕ್ಕ ಒಬ್ಬಳೇ.

ಆಮೇಲೆ ನಾನು ಕೊಟ್ಟ ಆಜ್ಞೆಗಳನ್ನು ಆಜ್ಞೆ ಎನ್ನಲು ನಾಚಿಕೆಯಾಗುತ್ತದೆ. 'ವಾಪಸ್ ಕೊಡು' ಎಂದು ಟೈಪ್ ಮಾಡಿದೆ. 'ದಯವಿಟ್ಟು' ಎಂದೆ. ಅಂಥ ಆಜ್ಞೆಯಿಲ್ಲ ಎಂಬ ಉತ್ತರ ಬಂತು. ಮ್ಯಾನ್ ಎಂದು ಕುಟ್ಟಿದರೆ ಕೈಪಿಡಿ ತೆರೆಯುತ್ತದೆ ಎಂದು ಎಲ್ಲೋ ಓದಿದ್ದು ನೆನಪಾಗಿ ಅದನ್ನೂ ಮಾಡಿದೆ. ತೆರೆಯಿತು, ಮುಚ್ಚಲಿಲ್ಲ! ಕಾಲು ಗಂಟೆ ಅದರೊಳಗೆ ತಡಕಾಡಿದ ಮೇಲೆ, ಹೊರಬರಲು ಕ್ಯೂ ಒತ್ತಿ ಎಂದು ಕೆಳಗಿನ ಸಾಲಿನಲ್ಲೇ ಬರೆದಿರುವುದು ಕಂಡಿತು. ಬಂದವರಿಗೆಲ್ಲ ಓದಿ ಓದಿ ಎಂದು ಉಪದೇಶ ಮಾಡುವವನ ಓದು ಇಷ್ಟು.

ಹೊಸಬರಿಗೆ ನೆರವಾಗುವ ಲಿನಕ್ಸ್ ಫೋರಂ ಒಂದನ್ನು ಫೋನಿನಲ್ಲಿ ಹುಡುಕಿ, 'ಕಾಪಾಡಿ!' ಎಂದು ಬರೆದೆ. ಯಾರೋ ಪುಣ್ಯಾತ್ಮ ಶಾಂತವಾಗಿ ಉತ್ತರಿಸಿದ: 'ಕಾಪಾಡಿ ಎಂದರೆ ಏನೂ ತಿಳಿಯುವುದಿಲ್ಲ. ಹಿಸ್ಟರಿ ಎಂದು ಟೈಪ್ ಮಾಡಿ. ನೀವು ಇದುವರೆಗೆ ಕೊಟ್ಟ ಆಜ್ಞೆಗಳೆಲ್ಲ ಬರುತ್ತವೆ.'

ಬಂದವು. ನನ್ನ ಬೆನ್ನ ಹಿಂದೆ ಟೇಪು ಕೊರಳಿಗೆ ಹಾಕಿಕೊಂಡು ಹೆಂಡತಿಯೂ ಬಂದಿದ್ದಳು. ಗಟ್ಟಿಯಾಗಿ ಓದತೊಡಗಿದಳು.

"ಹನ್ನೆರಡು, 'ವಾಪಸ್ ಕೊಡು'. ಹದಿಮೂರು, 'ದಯವಿಟ್ಟು'. ಹದಿನಾಲ್ಕು, 'ಮ್ಯಾನ್ ಎಂವಿ'. ಹದಿನೈದು, 'ಹೆಂಡತಿಗೆ ಏನಂತ ಹೇಳಲಿ'." ಆ ಸಾಲಿಗೆ ಬೆರಳಿಟ್ಟು ಕೇಳಿದಳು. "ಇದಕ್ಕೇನು ಹೇಳ್ತು ನಿಮ್ಮ ಕಂಪ್ಯೂಟರು?"

"ಅಂಥ ಆಜ್ಞೆ ಇಲ್ಲವಂತೆ."

"ಇರಲಿ. ಏನು ಹೋಯ್ತು ಅದನ್ನ ಹೇಳಿ."

ಹೇಳಿದೆ. ಫೋರಂನವನು ನಾನು ಕಳಿಸಿದ ಪಟ್ಟಿ ನೋಡಿ, ಬೇರೆ ಪ್ರತಿ ಇಲ್ಲದಿದ್ದರೆ ಆ ಹತ್ತು ಫೈಲುಗಳ ಆಸೆ ಬಿಡಿ ಎಂದ. ಅವಳು ಬಯ್ಯಲಿಲ್ಲ. ಬಯ್ದಿದ್ದರೆ ವಾಸಿಯಿತ್ತು. ಹಾಸಿದ ಬಟ್ಟೆಯನ್ನು ಮಡಿಸುತ್ತ ಮುಖ ಸಣ್ಣದು ಮಾಡಿಕೊಂಡಳಲ್ಲ, ಆಗ ನನಗೆ ನಿಜವಾಗಿಯೂ ಸಂಕಟವಾಯಿತು. ಮರುಕ್ಷಣವೇ ತಲೆಯೆತ್ತಿ, "ಐದು ಗಂಟೆಗೆ ಅವರ ತಾಲೀಮಿದೆ. ನೋಟ್‌ಬುಕ್ ತಗೊಳ್ಳಿ, ನಡೀರಿ" ಎಂದಳು.

ತಾಲೀಮಿನ ಕೋಣೆಯಲ್ಲಿ ಹನ್ನೊಂದು ಹೆಂಗಸರ ಎದುರು ನಿಂತು ನಡೆದದ್ದನ್ನೆಲ್ಲ ನಾನೇ ಒಪ್ಪಿಕೊಂಡೆ. ಹನ್ನೊಂದು ಜನರೂ ಒಂದೇ ಶ್ರುತಿಯಲ್ಲಿ ನಕ್ಕರು! ಹೆಂಡತಿ ಅಳೆದಳು, ನಾನು ಬರೆದುಕೊಂಡೆ. ನರ್ಸಮ್ಮನ ಸೊಂಟ ಹದಿನೈದು ದಿನಗಳಲ್ಲಿ ಎರಡಿಂಚು ಮುಂದುವರಿದಿತ್ತು.

"ನೋಡಿದ್ಯಾ, ಹಳೇ ಅಳತೆ ಇದ್ದಿದ್ರೆ..."

"ಬರೀರಿ."

ಬರೆದೆ.

ಮರುದಿನ ಬೆಳಿಗ್ಗೆ ಪಕ್ಕದ ಕೋಣೆಯಲ್ಲಿ ಕತ್ತರಿ ಕಚಕಚನೆ ಓಡುತ್ತಿತ್ತು. ಅದನ್ನು ಕೇಳುತ್ತ ನೆಮ್ಮದಿಯಾಗಿ ಫೋರಂ ತೆರೆದರೆ, ಆ ಪುಣ್ಯಾತ್ಮ ವಿಚಾರಿಸಿದ್ದ: 'ಸಮಸ್ಯೆ ಬಗೆಹರಿಯಿತೇ? ಹೇಗೆಂದು ಬರೆಯಿರಿ, ಮುಂದೆ ಬರುವ ಹೊಸಬರಿಗೆ ಉಪಯೋಗವಾಗುತ್ತದೆ.' ಹೊಸಬರಿಗೆ ದಾರಿ ತೋರಿಸುವ ಯೋಗ ಇಷ್ಟು ಬೇಗ ಬಂದೀತೆಂದು ನಾನು ಎಣಿಸಿರಲಿಲ್ಲ. ಎದೆಯುಬ್ಬಿಸಿ ಟೈಪ್ ಮಾಡಿ, ಗಟ್ಟಿಯಾಗಿ ಓದಿದೆ: 'ಹೆಂಡತಿಗೆ ಹೇಳಿದೆ.'

ಕತ್ತರಿ ನಿಂತಿತು.

"ಹೇಳಿದ್ದಲ್ಲ, ಸಿಕ್ಕಿಬಿದ್ದಿದ್ದು. ಸರಿಯಾಗಿ ಬರೀರಿ, ಹೊಸಬರು ಓದ್ತಾರೆ."