ಚಿಗವ್ವನ ಬಿಸಿಲು, ಬೀಗತಿಯ ಮೊಸರು

ಹಾಲು ಹೆಪ್ಪುಗಟ್ಟಿ ಮೊಸರಾಯಿತೆಂದು ಓಣಿಗೆಲ್ಲ ಪೇಡಾ ಹಂಚಿದವರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಆದೋನಿಯಲ್ಲಿರುವ ನಮ್ಮ ಚಿಗವ್ವ, ಅಂದರೆ ಚಿಕ್ಕಮ್ಮ! "ಮೊಮ್ಮಗಳಿಗೆ ಹಲ್ಲು ಬಂತೇನ್ರಿ?" ಎಂದು ಪೇಡಾ ಬಾಯಿಗಿಟ್ಟುಕೊಂಡೇ ಕೇಳಿದ ಪಕ್ಕದ ಮನೆಯಾಕೆಗೆ, "ಇಲ್ರಿ, ಕ್ರಿಮಿ ಬದುಕ್ಯಾವ!" ಎಂದಳು. ಪಾಪ, ಆಕೆ ಪೇಡಾವನ್ನು ನುಂಗಲೂ ಆಗದೆ ಉಗುಳಲೂ ಆಗದೆ ಮನೆಗೆ ಹೋದಳು.

ಚಿಗವ್ವ ಜೂನಿಯರ್ ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುತ್ತಿದ್ದವಳು. ನಿವೃತ್ತಿಯಾದ ಮೇಲೆ ಉಳಿದವರು ಮಂತ್ರಾಲಯಕ್ಕೆ ಹೋಗಿಬರುತ್ತಾರೆ. ಈಕೆ ಮಾಳಿಗೆ ಹತ್ತಿದಳು. ಅದಕ್ಕೆ ಕಾರಣವಿತ್ತು. ಹುಟ್ಟಿದ ಕೆಲವೇ ದಿನಕ್ಕೆ ಮೊಮ್ಮಗಳಿಗೆ ಸೋಂಕು ತಗುಲಿತ್ತು. ಒಂದಾದ ಮೇಲೊಂದು ಆಂಟಿಬಯಾಟಿಕ್ ಕೊಟ್ಟರೂ ನಾಟಲಿಲ್ಲ. ಡಾಕ್ಟರು ಕಟ್ಟಕಡೆಗೆ ಎಂದು ಇಟ್ಟುಕೊಂಡಿದ್ದ ಔಷಧಿ ಕೈಹಿಡಿದು ಕೂಸು ಉಳಿಯಿತು. ಅಂದಿನಿಂದ ಚಿಗವ್ವನಿಗೆ ಒಂದೇ ಹಟ. ಆಸ್ಪತ್ರೆಯ ಮೋರಿಯಲ್ಲಿ ಹರಿದುಹೋಗುವ ಔಷಧಿಯಂಶವನ್ನು ಉಂಡೂ ಉಂಡೂ ಕ್ರಿಮಿಗಳು ಅದಕ್ಕೆ ಬಗ್ಗದಂತಾಗುತ್ತಿವೆ. ಆ ಅಂಶವನ್ನು ಮೋರಿಗೆ ಬೀಳುವ ಮೊದಲೇ ಮುರಿಯಬೇಕು. ಯಾವುದರಿಂದ? ಬಿಸಿಲಿನಿಂದ! ನಮ್ಮ ಕಡೆ ಬೇರೆ ಯಾವುದಕ್ಕೆ ಕೊರತೆಯಿದ್ದರೂ ಬಿಸಿಲಿಗೆ ಕೊರತೆಯೇ?

ಯೂನಿವರ್ಸಿಟಿ ಲ್ಯಾಬಿನಲ್ಲಿದ್ದ ಹಳೆಯ ಶಿಷ್ಯೆಯೊಬ್ಬಳು ಹಳದಿ ಪುಡಿಯೊಂದನ್ನು ಕಳಿಸಿಕೊಟ್ಟಳು. ಅದನ್ನು ಗಾಜಿನ ಹಲಗೆಗಳಿಗೆ ಮೆತ್ತಿ, ತಟ್ಟೆಯಲ್ಲಿಟ್ಟು, ಔಷಧಿ ಬೆರೆತ ನೀರು ಹೊಯ್ದು ಬಿಸಿಲಿಗಿಡುವುದು. ಬೆಳಕು ಬಿದ್ದರೆ ಸಾಕು, ಪುಡಿ ಎಚ್ಚರಗೊಂಡು ನೀರಿನಲ್ಲಿರುವ ಔಷಧಿಯನ್ನು ಚೂರುಚೂರು ಮಾಡುತ್ತದೆ. ತಾನು ಮಾತ್ರ ಖರ್ಚಾಗುವುದಿಲ್ಲ.

"ನಿಮ್ಮ ಕಾಕಾನಂಗ ನೋಡು," ಎಂದು ನನಗೆ ಬಿಡಿಸಿ ಹೇಳಿದಳು. ಕಾಕಾ, ಅಂದರೆ ಆಕೆಯ ಗಂಡ, ಹತ್ತಿ ಮಾರ್ಕೆಟ್ಟಿನ ದಲಾಲಿ. "ಮಂದೀನ ಜಗಳಕ್ಕ ಹಚ್ಚತಾನ, ತಾನು ಮಾತ್ರ ಹೆಂಗಿದ್ದನೋ ಹಂಗ ಇರ್ತಾನ."

"ಲೇ, ನಾ ಕಮಿಷನ್ ಆದ್ರೂ ತಗೋತೀನಿ. ನಿನ್ನ ಪುಡಿ ಅದೂ ತಗೋಳಂಗಿಲ್ಲಲ್ಲ!" ಎಂದ ಕಾಕಾ, ಪೇಪರಿನ ಹಿಂದಿನಿಂದ.

ಇನ್ನು ನೀರಿಗೆ ಬೆರೆಸಲು ಔಷಧಿ ಬೇಕಲ್ಲ? ಚಿಗವ್ವ ಬಂಧುಬಳಗದ ಮನೆಗಳಲ್ಲಿ ಅರ್ಧಕ್ಕೇ ಬಿಟ್ಟ ಗುಳಿಗೆಗಳನ್ನು ಕೇಳಿ ತರತೊಡಗಿದಳು. ಗೋನೆಗಂಡ್ಲದ ಮದುವೆಯೊಂದರಲ್ಲಿ ಮದುಮಗಳ ತಾಯಿ ಅರಿಶಿನ ಕುಂಕುಮ ಕೊಡಲು ಬಂದರೆ, "ಅದಿರ್ಲಿ ಬಿಡ್ರಿ, ಮನ್ಯಾಗ ಹಳೇ ಗುಳಿಗಿ ಅದಾವೇನು?" ಎಂದಳಂತೆ! ಕೊಟ್ಟವರಿಗೆ ಮೊದಲು ಥ್ಯಾಂಕ್ಸ್, ಆಮೇಲೆ ಕೋರ್ಸು ಪೂರ್ತಿ ಮಾಡದಿದ್ದಕ್ಕೆ ಬೈಗುಳ.

ಔಷಧಿ ಮುರಿಯಿತೋ ಇಲ್ಲವೋ, ತಿಳಿಯುವುದು ಹೇಗೆ? ಇಲ್ಲಿಯೇ ನಮ್ಮ ಮನೆಗಳ ಹೆಪ್ಪು ಬಂತು. ಆಂಟಿಬಯಾಟಿಕ್ ಬೆರೆತ ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗುವುದಿಲ್ಲ. ಮೊಸರು ಮಾಡುವ ಕ್ರಿಮಿಯೇ ಸತ್ತಿರುತ್ತದೆ. ಹೀಗಾಗಿ ಎರಡು ಬಟ್ಟಲು ಹಾಲು. ಒಂದಕ್ಕೆ ಬಿಸಿಲು ಕಂಡ ತಟ್ಟೆಯ ನೀರು, ಇನ್ನೊಂದಕ್ಕೆ ಗೋಣಿ ಹೊದಿಸಿಟ್ಟ ತಟ್ಟೆಯ ನೀರು. ಮೊದಲನೆಯದು ಗಟ್ಟಿ ಮೊಸರಾದ ದಿನವೇ ಆ ಪೇಡಾ ಹಂಚಿದ್ದು!

ಕೂಸಿಗೆ ಔಷಧಿ ಕೊಟ್ಟ ಓಣಿಯ ಆಸ್ಪತ್ರೆಯ ಡಾಕ್ಟರೂ ಚಿಗವ್ವನ ಹಳೆಯ ಶಿಷ್ಯನೇ. ಆಸ್ಪತ್ರೆಯ ಹಿತ್ತಲಲ್ಲಿ, ಮೋರಿಗೆ ಹೋಗುವ ನೀರು ಪುಡಿ ಮೆತ್ತಿದ ಗಾಜಿನ ಮೇಲೆ ಹರಿಯುವಂಥ ಕಾಲುವೆ ಇಡಲು ಆತ ಒಪ್ಪಬೇಕಿತ್ತು. "ಕಣ್ಣಾರೆ ನೋಡ್ತೀನಿ ಮೇಡಂ, ನಾಳೆ ಸಂಜೀಕ ಬರ್ತೀನಿ," ಎಂದಿದ್ದ. ಚಿಗವ್ವ ರಾತ್ರಿಯೇ ಹೊಸದಾಗಿ ಎರಡು ಬಟ್ಟಲಿಗೆ ಹೆಪ್ಪು ಹಾಕಿಟ್ಟಳು.

ಮರುದಿನ ಮಧ್ಯಾಹ್ನವೇ ಬೀಗತಿ, ಅಂದರೆ ಮಗಳ ಅತ್ತೆ, ಮೊಮ್ಮಗಳನ್ನು ನೋಡಲು ಬಂದಿಳಿದರು. ಊಟಕ್ಕೆ ಕೂರಿಸಿ ಚಿಗವ್ವ ಬಿಸಿ ರೊಟ್ಟಿ ತರಲು ಒಲೆಯ ಕಡೆ ತಿರುಗಿದ್ದೇ ತಡ, ಬೀಗತಿ ಕಟ್ಟೆಯ ಮೇಲೆ ಮೊಸರಾಗಿದ್ದ ಬಟ್ಟಲಿಗೆ ಕೈ ಹಾಕಿ ಅಷ್ಟನ್ನೂ ತಟ್ಟೆಗೆ ಸುರಿದುಕೊಂಡರು. ಚಿಗವ್ವ ತಿರುಗಿ ನೋಡಿ, ಕೈಯಲ್ಲಿದ್ದ ರೊಟ್ಟಿಯನ್ನು ಆ ಮೊಸರಿನ ಪಕ್ಕಕ್ಕೇ ಬಡಿಸಿದಳು. ಬೀಗತಿಯ ತಟ್ಟೆಗೆ ಬಿದ್ದದ್ದನ್ನು 'ಉಣ್ಣಬ್ಯಾಡ್ರಿ' ಎನ್ನುವುದುಂಟೆ? ಅಂದರೆ ಮಗಳ ಸಂಸಾರದ ಗತಿಯೇನು!

ಸಂಜೆ ಡಾಕ್ಟರು ಬಂದ. ಒಂದು ಬಟ್ಟಲಲ್ಲಿ ಹಾಲು ಹಾಲಾಗಿಯೇ ಇತ್ತು, ಇನ್ನೊಂದು ಖಾಲಿ.

"ಮೊಸರೆಲ್ಲಿ ಮೇಡಂ? ಪೆರುಗು ಎಕ್ಕಡ?"

ಚಿಗವ್ವ ಕಣ್ಣಲ್ಲೇ ಬೀಗತಿಯನ್ನು ತೋರಿಸಿದಳು. ಬೀಗತಿಗೆ ಆಗ ವಿಷಯ ತಿಳಿಯಿತು. ಅವರೇನು ನಾಚಿಕೊಂಡರೆ? ಸೆರಗು ಸರಿಪಡಿಸಿಕೊಂಡು, ಕೋರ್ಟಿನಲ್ಲಿ ನಿಂತವರ ಹಾಗೆ ಹೇಳಿದರು: "ಡಾಕ್ಟ್ರೇ, ಚೂರಿಲೆ ಕೊಯ್ಯಬೇಕು, ಹಂಗಿತ್ತು ಮೊಸರು. ಹುಳಿ ಒಂಚೂರು ಕಮ್ಮಿ. ನಮ್ಮ ಕೂಸಿನ ಸಲುವಾಗಿ ಇಷ್ಟು ಮಾಡ್ಯಾರ, ನೀವು ಹೂಂ ಅನ್ರಿ."

ಡಾಕ್ಟರು ನಕ್ಕೂ ನಕ್ಕೂ ಕಣ್ಣೊರೆಸಿಕೊಂಡ. "ಮೊಸರು ಲ್ಯಾಬ್ ರಿಪೋರ್ಟ್ ಅಲ್ಲ ಮೇಡಂ. ನಮ್ಮ ಮೋರಿ ನೀರನ್ನೇ ಹಿಂಗ ಬಿಸಿಲಿಗಿಟ್ಟು ಲ್ಯಾಬಿಗೆ ಕಳಿಸೋಣ. ಹಿತ್ತಲು ನಿಮ್ಮದೇ," ಎಂದ.

ಕಾಲುವೆ ಸಿದ್ಧವಾಯಿತು. ಶಿಷ್ಯೆಯ ಲ್ಯಾಬಿನಿಂದ ಉತ್ತರವೂ ಬಂತು: ಔಷಧಿ ಪೂರ್ತಿ ಹೋಗಿಲ್ಲ, ಆದರೆ ಬಹಳ ಕಡಿಮೆಯಾಗಿದೆ, ನಿಲ್ಲಿಸಬೇಡಿ. ಚಿಗವ್ವ ನಿಲ್ಲಿಸುವವಳೇ? ದಿನಾ ಹೋಗಿ ಗಾಜಿನ ಮೇಲಿನ ಧೂಳು ಒರೆಸುತ್ತಾಳೆ.

ಮೊನ್ನೆ ನಾನೂ ಜೊತೆಗಿದ್ದೆ. ಆಸ್ಪರಿ ಕಡೆಯ ಬಾಣಂತಿಯೊಬ್ಬಳು ಹಸುಗೂಸನ್ನೆತ್ತಿಕೊಂಡು ಊರಿಗೆ ಹೋಗುವ ಆಟೋಗಾಗಿ ನೆರಳಲ್ಲಿ ನಿಂತಿದ್ದಳು. "ಇದೇನವ್ವಾ, ಬಿಸಿಲಾಗ ನಿಂತು ಗಾಜು ಒರಸಾಕತ್ತೀರಿ?" ಎಂದು ಕೇಳಿದಳು.

ಯಾರು ಸಿಕ್ಕರೂ ಪಾಠ ಶುರುಮಾಡುವ ಚಿಗವ್ವ ಅಂದು ಏನನ್ನೂ ವಿವರಿಸಲಿಲ್ಲ. ಕೈ ಒರೆಸಿಕೊಂಡು ಹತ್ತಿರ ಹೋದಳು. ಗುರುತು ಪರಿಚಯವಿಲ್ಲದ ಆ ಕೂಸಿನ ಕೆನ್ನೆ ಸವರಿ ನೆಟಿಗೆ ಮುರಿದಳು.

"ನಿನಗ ಔಷಧಿ ಎಂದೂ ಬೇಕಾಗಬಾರದು, ನನ್ನವ್ವಾ," ಎಂದಳು. "ಬೇಕಾದ್ರ, ಮೊದಲನೇದೇ ನಾಟಬೇಕು."