ಬೀಗರ ಸ್ಪೀಕರಿಗೆ ಹೊಂದುವ ಆಂಪ್ಲಿಫೈಯರ್

ಬೀಗರಿಗೆ ಹೇಳಬಾರದ ಮಾತುಗಳು ಇಷ್ಟೊಂದಿವೆ ಎಂಬುದು ಮಗಳ ಮದುವೆಯಾಗುವವರೆಗೆ ನನಗೆ ಗೊತ್ತಿರಲಿಲ್ಲ. ಅವರ ಮನೆಯ ಸಾರಿಗೆ ಉಪ್ಪು ಹೆಚ್ಚಾಗಿದ್ದರೆ ಸುಮ್ಮನೆ ನೀರು ಕುಡಿಯಬೇಕು. ಅವರ ಗೋಡೆ ಗಡಿಯಾರ ಹಿಂದಿದ್ದರೆ ನಮ್ಮ ಕೈಗಡಿಯಾರವನ್ನು ತೋಳಿನೊಳಗೆ ಸರಿಸಿಕೊಳ್ಳಬೇಕು. ಹೋದ ಸಲ ಹೇಳಿದ ನಗೆಮಾತನ್ನೇ ಈ ಸಲವೂ ಹೇಳಿದರೆ ಹೋದ ಸಲಕ್ಕಿಂತ ಜೋರಾಗಿ ನಗಬೇಕು. ನಾವು ಹೆಣ್ಣಿನ ಕಡೆಯವರು ಬೇರೆ. ಈ ವಿದ್ಯೆಯನ್ನು ನಾನು ಬಲು ಬೇಗ ಕಲಿತೆ, ಚೆನ್ನಾಗಿಯೂ ಕಲಿತೆ. ಎಷ್ಟು ಚೆನ್ನಾಗಿ ಎಂದರೆ, ಈ ವಯಸ್ಸಿನಲ್ಲಿ ಅಪರೂಪಕ್ಕೆ ಸಿಕ್ಕಿದ್ದ ಒಬ್ಬ ಗೆಳೆಯನನ್ನು ಅದೇ ವಿದ್ಯೆಯಿಂದ ದೂರ ಮಾಡಿಕೊಂಡೆ. ಆ ಗೆಳೆಯರೇ ನನ್ನ ಬೀಗರು, ಖಾನಾಪುರದ ಗುರುಸಿದ್ದಪ್ಪನವರು.

ಇದನ್ನೆಲ್ಲ ನಾನು ಆಗಿಂದಾಗ್ಗೆ ದಿನಚರಿಯಲ್ಲಿ ಬರೆದಿಟ್ಟಿದ್ದೇನೆ. ಹಾಗೆಂದು ನಂಬಬೇಕೆಂದೇನೂ ಇಲ್ಲ. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತನಾದವನು ನಾನು. ದಾಖಲೆಯೊಂದು ಸಿಕ್ಕರೆ ಅದನ್ನು ಬರೆದವನು ಯಾರು, ಅವನಿಗೇನು ಲಾಭ ಎಂದು ಮೊದಲು ಕೇಳಿ ಎಂದು ಹುಡುಗರಿಗೆ ಹೇಳುತ್ತಿದ್ದೆ. ನನ್ನ ದಿನಚರಿಯನ್ನು ಬರೆದವನು ನಾನೇ. ಅದರಲ್ಲಿ ನಾನು ಆಡಿದ ಮಾತುಗಳು ನಾನು ನಿಜವಾಗಿ ಆಡಿದ್ದಕ್ಕಿಂತ ಚುರುಕಾಗಿವೆ, ನನ್ನ ತಪ್ಪುಗಳು ಸಣ್ಣ ಅಕ್ಷರದಲ್ಲಿವೆ. ಅದನ್ನು ಮುಚ್ಚಿಟ್ಟು ನೆನಪಿನಿಂದಲೇ ಬರೆಯೋಣವೆಂದರೆ ನೆನಪೂ ನನ್ನದೇ.

ಮದುವೆಯಾದ ಮೇಲೆ ಬಹಳ ಕಾಲ ನಮ್ಮಿಬ್ಬರ ನಡುವೆ ಮಾತೇ ಇರಲಿಲ್ಲ. ಜಗಳವೇನೂ ಅಲ್ಲ, ಮರ್ಯಾದೆ. ಅವರು ಪ್ರೌಢಶಾಲೆಯಲ್ಲಿ ವಿಜ್ಞಾನದ ಮಾಸ್ತರರಾಗಿದ್ದವರು, ನೆಟ್ಟಗೆ ಕುಳಿತುಕೊಳ್ಳುವವರು. ನಾನೂ ಅವರೆದುರು ನೆಟ್ಟಗೆ ಕುಳಿತುಕೊಳ್ಳುತ್ತಿದ್ದೆ. ಇಬ್ಬರು ಮುದುಕರು ಒಂದು ಸೋಫಾದ ಎರಡು ತುದಿಗೆ ನೆಟ್ಟಗೆ ಕುಳಿತು ಮಳೆ ಹೇಗಿದೆ ಎಂದು ವಿಚಾರಿಸಿಕೊಳ್ಳುತ್ತಿದ್ದೆವು. ಒಮ್ಮೆ ಬೆಳಗಾವಿಯ ಟಿಳಕವಾಡಿಯ ನಮ್ಮ ಮನೆಯಲ್ಲಿ ಮೊಬೈಲಿನಿಂದ ಹಳೆಯ ಕಾಲದ ಗಾಯನವೊಂದು ಕೇಳಿಬರುತ್ತಿದ್ದಾಗ ಬೀಗರು ಬೆನ್ನು ಬಗ್ಗಿಸಿ ಫೋನಿನ ಕಡೆ ಕಿವಿ ಕೊಟ್ಟರು. ಆಮೇಲೆ ನಿಟ್ಟುಸಿರು ಬಿಟ್ಟರು. "ಇಷ್ಟ ದೊಡ್ಡ ದನಿ ಈ ಕಡ್ಡಿಪೆಟಿಗ್ಯಾಗ ಹೆಂಗ ಕುಂದರಬೇಕ್ರಿ ಬೀಗರ? ಉಸರ ಕಟ್ಟತೈತಿ ಅದಕ್ಕ."

ಅಲ್ಲಿಂದ ಶುರುವಾಯಿತು. ಅಂಗಡಿಯ ಒಳ್ಳೆಯ ಸ್ಪೀಕರುಗಳ ಬೆಲೆ ವಿಚಾರಿಸಿ ಇಬ್ಬರೂ ಗಂಭೀರವಾಗಿ ಹೊರಗೆ ಬಂದೆವು. ಮನೆಯಲ್ಲೇ ಮಾಡಿಕೊಳ್ಳುವ ನಕ್ಷೆ ಇಂಟರ್ನೆಟ್ಟಿನಲ್ಲಿ ಸಿಕ್ಕಿತು. ಈಗ ಯಾರು ಮಾಡಬೇಕು? ಖರ್ಚು, ಕೆಲಸ ಎರಡೂ ಒಬ್ಬರ ಮೇಲೆ ಬೀಳುವುದು ಬೀಗತನದಲ್ಲಿ ನಡೆಯುವುದಿಲ್ಲ. "ಒಂದ ನೀವ ಮಾಡ್ರಿ, ಒಂದ ನಾ ಮಾಡತೀನಿ. ಜೋಡಿ ಆಕೈತಿ" ಎಂದರು ಬೀಗರು. ಎಷ್ಟು ಸೊಗಸಾದ ಏರ್ಪಾಡು! ಪ್ರಪಂಚದಲ್ಲಿ ಬೇರೆ ಯಾರಾದರೂ ಜೋಡಿ ಸ್ಪೀಕರುಗಳನ್ನು ಒಂದೊಂದು ಊರಿನಲ್ಲಿ ಒಂದೊಂದರಂತೆ ಮಾಡಿರುತ್ತಾರೆಂದು ನನಗನ್ನಿಸುವುದಿಲ್ಲ. ನಾನು ಬೆಳಗಾವಿಯಲ್ಲಿ ಪ್ಲೈವುಡ್ ಕೊಯ್ಯಿಸಿ ಅಂಟು ಹಾಕಿ, ಅಂಟಿನಲ್ಲಿ ನನ್ನ ಅಂಗಿಯ ತೋಳನ್ನೂ ಸೇರಿಸಿ ಒಂದು ಪೆಟ್ಟಿಗೆ ಮಾಡಿದೆ. ಅವರು ಖಾನಾಪುರದಲ್ಲಿ ಹಳೆಯ ಸಾಗವಾನಿ ಕಪಾಟನ್ನು ಬಿಚ್ಚಿ ಅದರ ಹಲಗೆಯಿಂದ ಮಾಡಿದರು. ಒಳಗೆ ಕೂರಿಸುವ ಶಂಕುವಿನಾಕಾರದ ಸ್ಪೀಕರನ್ನು ನಾನು ಇಲ್ಲಿಯ ಅಂಗಡಿಯಲ್ಲಿ ಕೊಂಡೆ. ಅವರು ಅದೇ ಅಳತೆಯದನ್ನು ಚಿತ್ರ ನೋಡಿ ಕುರಿಯರಿನಲ್ಲಿ ತರಿಸಿಕೊಂಡರು. ಒಂದು ದಿನ ಸಾಗವಾನಿಯ ಪೆಟ್ಟಿಗೆ ಟೆಂಪೋದಲ್ಲಿ ದಿಬ್ಬಣದಂತೆ ಬಂದು ನಮ್ಮ ಹಾಲಿನಲ್ಲಿ ಇಳಿಯಿತು. ನನ್ನಾಕೆ ಎರಡನ್ನೂ ಮೇಲಿಂದ ಕೆಳಗೆ ನೋಡಿದಳು. "ಇವಕ್ಕ ಬಾಗಲಾ ಇಟ್ಟಿದ್ರ ಜ್ವಾಳದ ಹಿಟ್ಟರ ತುಂಬಿ ಇಡಬಹುದಿತ್ತು" ಎಂದಳು.

ಆದರೆ ಸ್ಪೀಕರು ತಾನಾಗಿ ಹಾಡುವುದಿಲ್ಲ. ಹಿಂದಿನಿಂದ ಅದನ್ನು ತಳ್ಳಲು ಆಂಪ್ಲಿಫೈಯರ್ ಬೇಕು. ಕೈಗೆಟಕುವ ಬೆಲೆಯ ಒಂದು ಆಂಪ್ಲಿಫೈಯರಿಗಾಗಿ ನಾವು ಅಲೆದ ದಿನಗಳೇ, ಈಗ ಯೋಚಿಸಿದರೆ, ನನ್ನ ನಿವೃತ್ತಿಯ ಅತ್ಯಂತ ಸುಖದ ದಿನಗಳು. ಬೀಗರು ಖಾನಾಪುರದಿಂದ ರೈಲು ಹತ್ತಿ ಬರುವರು. ನಾನು ಸ್ಟೇಷನ್ನಿಗೆ ನಡೆದುಹೋಗಿ ಕರೆತರುವೆ. ಅಂಗಡಿ ಅಂಗಡಿ ಸುತ್ತಿ, ಏನನ್ನೂ ಕೊಳ್ಳದೆ, ಕೊನೆಗೆ ನಮ್ಮೂರ ಸಿಹಿ ಕುಂದಾ ಕಟ್ಟಿಸಿಕೊಂಡು ಮನೆಗೆ ಬಂದು ಯೂಟ್ಯೂಬಿನ ಪಂಡಿತರ ವಾದ ಕೇಳುವೆವು. ಒಬ್ಬ ಪಂಡಿತ ಹೊಗಳಿದ್ದನ್ನು ಇನ್ನೊಬ್ಬ ಪಂಡಿತ ಡಬ್ಬಾ ಎನ್ನುತ್ತಿದ್ದ. ಬೀಗರು ಈಗ ಸೋಫಾದ ಮೇಲೆ ಕಾಲು ಮಡಚಿ ಕೂರುತ್ತಿದ್ದರು. ನನ್ನ ಹೆಂಡತಿಗೆ "ಚಾಕ್ಕ ಸಕ್ಕರಿ ಕಡಿಮಿ ಆಗೈತಿ ನೋಡ್ರಿ ತಂಗಿ" ಎನ್ನುವಷ್ಟು ಸಲಿಗೆ ಬಂದಿತ್ತು. ಅವಳು ಅದಕ್ಕೆ ಹಿಗ್ಗಿದ್ದಳು. ಬೀಗರು ಕುಂದು ಹೇಳುವುದೆಂದರೆ ಮನೆಯವರಾದರು ಎಂದರ್ಥ. ಈ ಅರ್ಥ ಆಗಲೇ ನನಗೆ ಹೊಳೆಯಬೇಕಿತ್ತು.

ಒಬ್ಬ ಅಂಗಡಿಯವನು ಕೇಳಿದ, "ಸ್ಪೀಕರ್ ಎಷ್ಟ ಓಮ್ ಅದಾವ್ರಿ ಸರ?" ಓಮ್ ಎಂದರೆ, ಸ್ಪೀಕರು ಆಂಪ್ಲಿಫೈಯರಿನ ಮೇಲೆ ಎಷ್ಟು ಭಾರ ಹಾಕುತ್ತದೆ ಎಂಬುದನ್ನು ಹೇಳುವ ಅಂಕಿ. ಅಂಕಿ ಸಣ್ಣದಾದಷ್ಟೂ ಭಾರ ಹೆಚ್ಚು, ದನಿಯೂ ಜೋರು. ಬೀಗರು ತರಗತಿಯಲ್ಲಿ ನಿಂತವರಂತೆ ಹೇಳಿದರು, "ಎಂಟ. ಎರಡೂ ಎಂಟ." ನನ್ನದಂತೂ ಎಂಟೇ. ಅಂಗೈಯಷ್ಟು ದೊಡ್ಡ ಆಂಪ್ಲಿಫೈಯರೊಂದನ್ನು ತಂದೆವು. ಅದು ಒಂದು ಹಾಡು ಹಾಡಿ, ಎರಡನೆಯದರಲ್ಲಿ ಬಿಸಿಯಾಗಿ ಬಾಯಿ ಮುಚ್ಚಿತು. "ಮಾಲ ಸುಮಾರ ಐತಿ" ಎಂದು ಮರಳಿಸಿದೆವು. ಸಾಂಬ್ರಾ ಕಡೆಯ ಒಬ್ಬರು ಮಾರಲಿಟ್ಟಿದ್ದ ಹಳೆಯದೊಂದನ್ನು ಹೊತ್ತು ತಂದೆವು. ಅದೂ ಬಿಸಿಯಾಯಿತು. "ಹಳೇದು, ಪಾಪ" ಎಂದೆವು. ಆಂಪ್ಲಿಫೈಯರುಗಳನ್ನು ಬೈಯುವುದರಲ್ಲಿ ನಮ್ಮಿಬ್ಬರಿಗೆ ಎಂಥ ಒಮ್ಮತ! ಅವಕ್ಕೇನು, ಬೇಸರ ಮಾಡಿಕೊಳ್ಳುವ ಬೀಗರೇ?

ಮೂರನೆಯದನ್ನು ಹುಡುಕುವ ಮೊದಲು ನನಗೊಂದು ಸಂಶಯ ಬಂತು. ಪಕ್ಕದ ಮನೆಯವರಿಂದ ಓಮ್ ಅಳೆಯುವ ಮೀಟರೊಂದನ್ನು ಎರವಲು ತಂದಿದ್ದೆ. ಊಟ ಮುಗಿಸಿ ಬೀಗರು ಒಳಕೋಣೆಯಲ್ಲಿ ಅಡ್ಡಾಗಿದ್ದಾಗ, ಕಳ್ಳನಂತೆ ಎರಡೂ ಸ್ಪೀಕರುಗಳ ಬೆನ್ನಿಗೆ ತಂತಿ ಮುಟ್ಟಿಸಿದೆ. ನನ್ನದಕ್ಕೆ ಮುಳ್ಳು ಆರರ ಆಚೆ ನಿಂತಿತು. ಎಂಟರ ಸ್ಪೀಕರು ಮೀಟರಿಗೆ ಅಷ್ಟೇ ತೋರುತ್ತದಂತೆ. ಅವರದಕ್ಕೆ ಮೂರರ ಹತ್ತಿರವೇ ಕುಳಿತುಬಿಟ್ಟಿತು. ಅವರದು ನಾಲ್ಕು ಓಮಿನದು. ಒಳಗಿನಿಂದ ಬೀಗರ ಗೊರಕೆ ಸಮಾಧಾನವಾಗಿ ಕೇಳಿಬರುತ್ತಿತ್ತು.

ಹೇಗೆ ಹೇಳಲಿ? ಬಾಳಿಡೀ ಓಮನ ನಿಯಮವನ್ನು ಕರಿಹಲಗೆಯ ಮೇಲೆ ಬರೆದವರಿಗೆ, ಇತಿಹಾಸದ ಮಾಸ್ತರನೊಬ್ಬ, ಅದೂ ಹೆಣ್ಣಿನ ಕಡೆಯವನು, "ನಿಮ್ಮ ಓಮ್ ತಪ್ಪೈತ್ರಿ" ಎನ್ನುವುದು ಹೇಗೆ? ಎಬ್ಬಿಸಿ, ನಕ್ಕು, ಹೇಳಿಬಿಡಬಹುದಿತ್ತು. ಇಬ್ಬರೂ ಕೂಡಿ ಸಾಗವಾನಿಯ ಹಲಗೆ ಬಿಚ್ಚಬಹುದಿತ್ತು. ದಿನಚರಿಯಲ್ಲಿ ಆ ದಿನ "ಬೀಗರ ಮನಸ್ಸು ನೋಯಬಾರದೆಂದು ಸುಮ್ಮನಿದ್ದೆ" ಎಂದಿದೆ. ಅಷ್ಟೇ ಕಾರಣವೇ? ಗೊತ್ತಿದ್ದೂ ಹೇಳದೆ ಇರುವುದರಲ್ಲಿ ಒಂದು ಸಣ್ಣ ಖುಷಿಯೂ ಇತ್ತೇನೋ.

ನಾನು ಮಾಡಿದ್ದಿಷ್ಟು. ನಾಲ್ಕರ ಭಾರವನ್ನೂ ತಾಳುವ, ಬ್ಯಾಲೆನ್ಸ್ ಗುಂಡಿ ಇರುವ ಆಂಪ್ಲಿಫೈಯರನ್ನು ಹುಡುಕಿ ಆರಿಸಿದೆ. ಆ ಗುಂಡಿಯನ್ನು ತಿರುಗಿಸಿ ಒಂದು ಬದಿಯ ದನಿಯನ್ನು ತಗ್ಗಿಸಬಹುದು. ಬೀಗರು ಮೂಗು ಮುರಿದರು. "ಈ ಗುಂಡಿ ಯಾತಕ್ರಿ? ಜೋಡಿ ಸರಿ ಇದ್ರ ಇದು ನಟ್ಟನಡುವ ಇರತೈತಿ, ಖರೇ ಹೌದಲ್ಲೋ?" "ಖರೇರಿ" ಎಂದೆ. ಬೀಗರು ಬಂದಾಗ ಗುಂಡಿ ನಡುವೆ. ಗಾಯಕ ಸಾಗವಾನಿಯ ಮಡಿಲಲ್ಲೇ ಕುಳಿತು ಹಾಡುತ್ತಿದ್ದ. ಬೀಗರು ರೈಲು ಹತ್ತಿದ ಮೇಲೆ ಗುಂಡಿಯನ್ನು ನನ್ನ ಸ್ಪೀಕರಿನ ಕಡೆಗೆ ತಿರುಗಿಸಿದರೆ, ಆತ ಎದ್ದುಬಂದು ನಡುವೆ ಕೂರುತ್ತಿದ್ದ. ಎಲ್ಲರಿಗೂ ಮರ್ಯಾದೆ ಉಳಿಯಿತೆಂದು ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ. ಆದರೆ ಬೀಗರಿಗೆ ನನ್ನ ಸ್ಪೀಕರಿನ ಮೇಲೆ ಮರುಕ ಹುಟ್ಟಿತು! "ನಿಮ್ಮದು ಸ್ವಲ್ಪ ಸಣ್ಣ ದನಿ ರೀ ಬೀಗರ. ಪ್ಲೈವುಡ್ ಅಲ್ಲೇನ, ಅದರ ಹಣೇಬಾರ ಅಷ್ಟ. ಕಪಾಟಿನ ಇನ್ನೊಂದ ಬಾಜು ಉಳದೈತಿ, ನಿಮಗೂ ಒಂದ ಡಬ್ಬಿ ಮಾಡಿಕೊಡತೀನಿ ಬಿಡ್ರಿ." ನಾನು ಕೃತಜ್ಞನಂತೆ ತಲೆಯಾಡಿಸಿದೆ.

ಅವರು ಹೇಳಿದ್ದನ್ನು ಮಾಡುವ ಮನುಷ್ಯ. ಹೇಳದೆ ಕೇಳದೆ ಒಂದು ಮಧ್ಯಾಹ್ನ, ನನ್ನ ಪೆಟ್ಟಿಗೆಯ ಅಳತೆ ತೆಗೆದುಕೊಳ್ಳಲು ಟೇಪು ಹಿಡಿದು ಬಂದರು. ಜೊತೆಗೆ ಅವರ ಸೊಸೆ, ನನ್ನ ಮಗಳು ವಿದ್ಯಾ. ಹಾಡು ನಡೆದಿತ್ತು. ಬೀಗರು ಬಾಗಿಲಲ್ಲೇ ನಿಂತು ಕೇಳಿದರು. ಆಮೇಲೆ ಬಂದು ಗುಂಡಿಯನ್ನು ನೋಡಿದರು.

"ಇದು ಹಿಂಗ್ಯಾಕ ತಿರಗೈತ್ರಿ?"

"ಧೂಳ ಒರಸೂಮುಂದ ತಿರಗಿರಬೇಕ್ರಿ" ಎಂದೆ.

ಅಡುಗೆಮನೆಯಿಂದ ನನ್ನಾಕೆಯ ದನಿ ಬಂತು. "ಧೂಳ ಒರಸಾಕಿ ನಾನು. ಅದರ ಮೈ ಮುಟ್ಟಬ್ಯಾಡ ಅಂತ ನನಗ ತಾಕೀತ ಮಾಡ್ಯಾರ ಇವರು."

ಬೀಗರು ಜಗಳವಾಡುವುದಿಲ್ಲ. ಚಹಾ ಕುಡಿದರು, ಸಕ್ಕರೆ ಸರಿಯಾಗಿದೆ ಎಂದರು. ಹೊರಡುವಾಗ ತಮ್ಮ ಸ್ಪೀಕರನ್ನು ಒಂದಿಷ್ಟು ದಿನ ಮನೆಗೆ ಒಯ್ಯುವುದಾಗಿ ಹೇಳಿದರು. ಟೆಂಪೋ ಕರೆಸಿ ಹೇರುವಾಗ ನಾನೂ ಒಂದು ಬದಿ ಹಿಡಿದೆ. ಆಗಲಾದರೂ ಹೇಳಬಹುದಿತ್ತು. "ಸಾವಕಾಶ್ರಿ" ಎಂದೆ, ಅಷ್ಟೇ.

ವಾರ ಕಳೆದು ವಿದ್ಯಾ ಫೋನು ಮಾಡಿದಳು. "ಅಪ್ಪಾ, ಮಾವಾರು ಡಬ್ಬಿ ಬಿಚ್ಚಿದ್ರು. ಒಳಗ ನಾಕ ಓಮ್ ಅಂತ ಬರದಿತ್ತಂತ. ಭಾಳ ಹೊತ್ತ ಅದರ ಮುಂದ ಕುಂತಿದ್ರು. ಆಮ್ಯಾಲೆ ನನ್ನ ಕೇಳಿದ್ರು, ನಿಮ್ಮಪ್ಪಗ ಇದು ಗೊತ್ತಿತ್ತೇನವಾ ಅಂತ. ಗೊತ್ತಿತ್ತೇನಪ್ಪಾ?"

ಮರುದಿನವೇ ಖಾನಾಪುರಕ್ಕೆ ಹೋದೆ. ಬೀಗರು ಎದ್ದು ನಿಂತು ಬರಮಾಡಿಕೊಂಡರು, ನೆಟ್ಟಗೆ ಕುಳಿತರು. ಎಂಟು ಓಮಿನದನ್ನು ತರಿಸಿ ಹಾಕಿಯೂ ಆಗಿತ್ತು. ಹಲಗೆಗೆ ಹೊಸ ಪಾಲಿಶ್. ನಾನು ಮೀಟರಿನ ಕಥೆಯನ್ನೆಲ್ಲ ಹೇಳಿದೆ. ನಿಮ್ಮ ಮನಸ್ಸು ನೋಯಬಾರದೆಂದು, ಎಂದೂ ಸೇರಿಸಿದೆ. ಅವರು ತಡೆದು ತಡೆದು ಮಾತಾಡಿದರು.

"ತಪ್ಪ ಬರದ ಹುಡುಗರ್ನ ನಾ ಎಂದೂ ಪಾಸ್ ಮಾಡಿದಾಂವ ಅಲ್ರಿ ಬೀಗರ. ಕರದು ಬಾಜೂಕ ಕುಂದ್ರಿಸಿಕೊಂಡು ಇಲ್ಲಿ ತಪ್ಪೈತಿ ನೋಡೋ ಅಂತಿದ್ದೆ. ನೀವು ನನ್ನ ಸುಮ್ಮನ ಪಾಸ್ ಮಾಡಿಬಿಟ್ರಿ."

ಸ್ಪೀಕರನ್ನು ಕಳಿಸುತ್ತೇನೆ ಎಂದರು. ಕಳಿಸಿಲ್ಲ. ನಾನು ಕೇಳಿಲ್ಲ, ಬೀಗರನ್ನು ಹಾಗೆಲ್ಲ ಕೇಳಲಾಗುತ್ತದೆಯೇ? ಈಗ ಭೇಟಿಯಾದಾಗ ನನ್ನ ಮಾತಿಗೆಲ್ಲ "ಹೌದ್ರಿ ಹೌದ್ರಿ" ಎನ್ನುತ್ತಾರೆ. ಅದು ನನ್ನ ವಿದ್ಯೆ, ಅವರೂ ಕಲಿತುಬಿಟ್ಟಿದ್ದಾರೆ.

ನಮ್ಮ ಹಾಲಿನಲ್ಲಿ ಒಂಟಿ ಸ್ಪೀಕರು ಹಾಡುತ್ತಿದೆ. ಗಾಯಕನಿಗೆ ಜವಾಬು ಕೊಡುವ ಹಾರ್ಮೋನಿಯಮ್ ಆ ಕಡೆಯ ಸ್ಪೀಕರಿನಲ್ಲಿ ಬರಬೇಕು. ಆತ ಪ್ರತಿ ಸಾಲಿಗೂ ನಿಲ್ಲಿಸಿ ಕಾಯುತ್ತಾನೆ, ಜವಾಬು ಬರುವುದಿಲ್ಲ. ಮೊನ್ನೆ ಹಳೆಯ ಸಹೋದ್ಯೋಗಿಯೊಬ್ಬರು ಬಂದು ಕುಳಿತು ಕೇಳಿ, "ಅಲ್ರೀ, ಇದಕ್ಕ ಜೋಡಿ ಇಲ್ಲೇನು?" ಎಂದರು. ನಾನು ಒಂದು ಕ್ಷಣವೂ ತಡಮಾಡದೆ ಹೇಳಿದೆ:

"ಏನ ಮಾಡೂದ್ರಿ, ಆಂಪ್ಲಿಫೈಯರ್ ಸರಿ ಇಲ್ಲ."