ಅರವತ್ನಾಲ್ಕನೇ ಪುಟದ ಭಜಿ

ನಿವೃತ್ತನಾದ ಮೇಲೆ ಗಂಡಸಿಗೆ ಮನೆಯಲ್ಲಿ ಉಳಿಯುವ ಅಧಿಕಾರ ಬಹಳ ಕಡಿಮೆ. ರಾಯಬಾಗದ ಹೈಸ್ಕೂಲೊಂದರಲ್ಲಿ ಮೂವತ್ತೆರಡು ವರ್ಷ ಕ್ಲಾರ್ಕಾಗಿದ್ದು, ಹಾರೂಗೇರಿಯಲ್ಲಿ ನೆಲೆಸಿದ ನನ್ನ ಪಾಲಿಗೆ ಉಳಿದದ್ದು ಎರಡೇ. ಒಂದು ಹಳೆಯ ಕಂಪ್ಯೂಟರು, ಇನ್ನೊಂದು ಸಂಜೆ ಐದರ ವಾಕಿಂಗು. ಆ ವಾಕಿಂಗು ಬಸ್‌ಸ್ಟ್ಯಾಂಡಿನ ಎದುರು ಮಲಂಗಸಾಬನ ಭಜಿ ಗಾಡಿಯ ಹತ್ತಿರ ಮುಗಿಯುತ್ತಿತ್ತು. (ನಾವು ಜೈನರು. ಚಾತುರ್ಮಾಸದ ನಾಲ್ಕು ತಿಂಗಳು ಉಳ್ಳಾಗಡ್ಡಿ ನಮ್ಮ ಹೊಸಿಲು ದಾಟುವುದಿಲ್ಲ. ಗಾಡಿ ಹೊಸಿಲಿನ ಆಚೆ ಇದೆ ಎಂಬುದನ್ನು ತಾವು ದಯವಿಟ್ಟು ಗಮನಿಸಬೇಕು.) ಒಂದು ಪ್ಲೇಟು ಉಳ್ಳಾಗಡ್ಡಿ ಭಜಿ, ಆಮೇಲೆ ಬಾಯಿಯ ವಾಸನೆ ಮುಚ್ಚಲು ನಾಲ್ಕು ಯಾಲಕ್ಕಿ. ನನ್ನ ಹೆಂಡತಿ ಮಂಗಲಳಿಗೆ ಇದರ ಸುಳಿವೇ ಇಲ್ಲ ಎಂದು ನಾಲ್ಕು ವರ್ಷ ನಂಬಿಕೊಂಡಿದ್ದೆ.

ಅದೇ ನಾಲ್ಕು ವರ್ಷ, ಚಾತುರ್ಮಾಸ ಬಂತೆಂದರೆ ಮಂಗಲ ದಿನಾ ರಾತ್ರಿ ಅಥಣಿಯ ತನ್ನ ತಂಗಿ ಬ್ರಾಹ್ಮಿಗೆ ವಾಟ್ಸಾಪಿನಲ್ಲಿ ಒಂದೊಂದು ಅಡುಗೆ ಬರೆದು ಕಳಿಸುತ್ತಿದ್ದಳು. ಗಡ್ಡೆ ಇಲ್ಲ, ಸೊಪ್ಪಿಲ್ಲ, ಆದರೂ ದಿನಕ್ಕೊಂದು ಹೊಸ ರುಚಿ. ಅದನ್ನೆಲ್ಲ ಪುಸ್ತಕ ಮಾಡಿಸಿ, ದಶಲಕ್ಷಣ ಪರ್ವದ ಕೊನೆಯ ದಿನ ಬಸದಿಗೆ ಬಂದವರಿಗೆಲ್ಲ ಪ್ರಭಾವನೆಯ ಕಾಣಿಕೆಯಾಗಿ ಹಂಚುವುದೆಂದು ಮಹಿಳಾ ಮಂಡಳದವರು ಠರಾಯಿಸಿದರು. ಎಂಟನೇ ತರಗತಿಗೆ ಶಾಲೆ ಬಿಟ್ಟವಳ ಹೆಸರು ಪುಸ್ತಕದ ಮೇಲೆ ಬರುವುದೆಂದರೆ ಸಣ್ಣ ಮಾತೇ? ಆವತ್ತಿನಿಂದ ಅವಳು ರೊಟ್ಟಿ ಬಡಿಯುವಾಗಲೂ ಸ್ವಲ್ಪ ನೆಟ್ಟಗೆ ಕೂರತೊಡಗಿದಳು. ಅಥಣಿಯ ಪ್ರೆಸ್ಸಿನವರು ಶನಿವಾರದೊಳಗೆ ವರ್ಡ್ ಫೈಲು ಬೇಕೆಂದರು. ಆ ಮಹತ್ಕಾರ್ಯ ನನ್ನ ಪಾಲಿಗೆ ಬಂತು.

“ಒಂದೊಂದ ಅಡಗಿ ಆರಿಸಿ ಹಾಕ್ರಿ. ಅದರಾಗ ಬ್ಯಾರೆ ಮಾತೂ ಅದಾವ,” ಎಂದಳು ಮಂಗಲ.

“ಅಕ್ಕಿ ಆರಿಸಿದಂಗ ಕುಂತರ ದೀಪಾವಳಿ ಬರ್ತೈತಿ. ನಾಕ ವರ್ಷದ್ದು ಒಂದ ಸಲಕ್ಕ ಎತ್ತಿ ಇಡ್ತೀನಿ, ನೋಡ್ತಿರು,” ಎಂದೆ.

ಅಕ್ಕತಂಗಿಯರ ಇಡೀ ಮಾತುಕತೆಯನ್ನು ಫೋನಿನಿಂದ ಕಂಪ್ಯೂಟರಿಗೆ ತಂದೆ, ಅಷ್ಟನ್ನೂ ಕಾಪಿ ಮಾಡಿದೆ, ವರ್ಡ್ ತೆರೆದು ಪೇಸ್ಟ್ ಒತ್ತಿದೆ. ಏನೂ ಆಗಲಿಲ್ಲ. ಮೂವತ್ತೆರಡು ವರ್ಷದ ಅನುಭವ ನನ್ನದು. ಮೇಲಿನ ಕಚೇರಿ ಉತ್ತರ ಕೊಡದಿದ್ದರೆ ಗುಮಾಸ್ತನಾದವನು ಏನು ಮಾಡಬೇಕು? ನೆನಪೋಲೆ ಕಳಿಸಬೇಕು. ಮತ್ತೆ ಪೇಸ್ಟ್ ಒತ್ತಿದೆ. ಎರಡನೇ ನೆನಪೋಲೆ, ಮೂರನೆಯದು, ಹೀಗೆ ಎಂಟು ನೆನಪೋಲೆ ಹೋದವು. ಪರದೆ ಬೆಳ್ಳಗಾಯಿತು, ನಡುವೆ ಒಂದು ಚಕ್ರ ಗಿರಗಿರ ತಿರುಗತೊಡಗಿತು. ಮಂಗಲ ಬಂದು ನೋಡಿ, ಹಿಟ್ಟು ನೆನೆಯುವುದಕ್ಕಾದರೂ ಬಿಡಿ, ಮತ್ತೆ ಮತ್ತೆ ಯಾಕೆ ಕೈ ಹಾಕುತ್ತೀರಿ ಎಂದು ಕೇಳಿದಳು. ಇದು ಹಿಟ್ಟಲ್ಲ, ತಂತ್ರಜ್ಞಾನ ಎಂದು ತಿಳಿಸಿಕೊಟ್ಟೆ.

ಒಂದು ಗಂಟೆಯ ಮೇಲೆ ಕಂಪ್ಯೂಟರು ಎಚ್ಚರಾಯಿತು. ಸರಕಾರಕ್ಕಿಂತ ಪ್ರಾಮಾಣಿಕ ಯಂತ್ರ, ಒಂದು ನೆನಪೋಲೆಯನ್ನೂ ಕಸದ ಬುಟ್ಟಿಗೆ ಹಾಕಿರಲಿಲ್ಲ. ಇನ್ನೂರಾ ಹನ್ನೆರಡು ಪುಟದ ಮಾತುಕತೆ ಒಂಬತ್ತು ಸಲ ಬಂದು, ಒಟ್ಟು ಸಾವಿರದ ಒಂಬೈನೂರಾ ಎಂಟು ಪುಟ. ಹೆಸರುಕಾಳಿನ ಉಸುಳಿ ಒಂಬತ್ತು ಜನ್ಮ ಎತ್ತಿತ್ತು. ಒಂದು ಸಾಲು ಕೆಳಗೆ ಹೋಗು ಎಂದು ಕೀಲಿ ಒತ್ತಿದರೆ ಅದು ಹೊರಡುವಷ್ಟರಲ್ಲಿ ಒಂದು ಕಪ್ ಚಹಾ ಮುಗಿಯುತ್ತಿತ್ತು.

ಅದನ್ನು ಮುಚ್ಚಿಬಿಡಿ, ನಾನೇ ಫೋನಿನಲ್ಲಿ ಆರಿಸಿ ಕೊಡುತ್ತೇನೆ ಎಂದು ಮಂಗಲ ಎರಡು ಸಲ ಹೇಳಿದಳು. ನನ್ನ ಮರ್ಯಾದೆಯ ಪ್ರಶ್ನೆ, ಒಪ್ಪಲಿಲ್ಲ. ಎರಡು ದಿನ ಕೂತು ಎಂಟು ಪ್ರತಿ ಅಳಿಸಿದೆ. ಉಳಿದದ್ದರಲ್ಲಿ ತಾರೀಖು, ವೇಳೆ, ಅಕ್ಕತಂಗಿಯರ ಹೆಸರು ಎಲ್ಲವನ್ನೂ ಒಂದೇ ಏಟಿಗೆ ತೆಗೆದುಹಾಕಿದೆ. ಮೊದಲ ಹತ್ತು ಪುಟ, ಕೊನೆಯ ಐದು ಪುಟ ಓದಿದೆ, ಬರೀ ಅಡುಗೆಯೇ ಇತ್ತು. (ನಡುವಿನ ಪುಟಗಳನ್ನು ನಮ್ಮ ಆಫೀಸಿನಲ್ಲಿ ಯಾರೂ ಓದಿದ ದಾಖಲೆ ಇಲ್ಲ.) ಶನಿವಾರ ಮಧ್ಯಾಹ್ನ ಫೈಲು ಅಥಣಿಗೆ ಹೋಯಿತು. ಪ್ರೆಸ್ಸಿನವರು ಕೊಟ್ಟದ್ದನ್ನು ಕೊಟ್ಟ ಹಾಗೆ ಅಚ್ಚು ಹಾಕಿದರು.

ಪರ್ವದ ಕೊನೆಯ ದಿನ ಬಸದಿಯ ಅಂಗಳದಲ್ಲಿ ಪುಸ್ತಕ ಹಂಚಿದರು. ಮಂಗಲ ಹೊಸ ಇಳಕಲ್ ಸೀರೆ ಉಟ್ಟು ಮುಂದೆ ಕೂತಿದ್ದಳು. ಮಂಡಳದ ಅಧ್ಯಕ್ಷೆ, ಒಂದು ಅಡುಗೆ ಓದಿ ಹೇಳೋಣ ಎಂದು ಸುಮ್ಮನೆ ನಡುವೆ ಒಂದು ಪುಟ ತೆರೆದರು. ಅರವತ್ನಾಲ್ಕನೆಯದು.

“ಬಾಳಿಕಾಯಿ ಸಿಪ್ಪಿ ತಗದು ತೆಳ್ಳಗ ಹೆಚ್ಚಿ, ಕಡ್ಲಿಹಿಟ್ಟಿನ್ಯಾಗ ಅದ್ದಿ ಕರೀಬೇಕು. ನಿಮ್ಮ ಮಾಮಾ ಇವತ್ತೂ ಬಸ್‌ಸ್ಟ್ಯಾಂಡಿನ್ಯಾಗ ಉಳ್ಳಾಗಡ್ಡಿ ಭಜಿ ತಿಂದು, ಯಾಲಕ್ಕಿ ಅಗಕೋತ ಬಂದಾರ. ಅಂಗಳದಾಗ ಇರೂವಾಗನ ವಾಸನಿ ಬರ್ತೈತಿ. ನಾ ಏನೂ ಕೇಳಿಲ್ಲ. ಪಾಪ, ಭಾಳ ಖುಷಿಲೆ ಬರ್ತಾರ. ಅವರ ಪಾಲಿನ ನೇಮಾನೂ ನಾನೇ ಹಿಡದೀನಿ, ವಾರಕ್ಕ ಒಂದಿನ ಒಂದ ಹೊತ್ತ ಉಣ್ತೀನಿ. ಹಿಟ್ಟಿಗೆ ಚಿಟಿಕಿ ಅಜವಾನ ಹಾಕೂದು ಮರೀಬ್ಯಾಡ.”

ಬ್ರಾಹ್ಮಿಯ ಮಾಮಾ, ಅಂದರೆ ಅಕ್ಕನ ಗಂಡ, ನಾನೇ. ಅಂಗಳಕ್ಕೆ ಅಂಗಳವೇ ನಕ್ಕಿತು. ನಾನು ನಗುವವರ ನಡುವೆ ಮಂಗಲಳನ್ನು ಹುಡುಕಿದೆ. ಅವಳು ತಲೆ ತಗ್ಗಿಸಿ ಸೆರಗಿನ ಅಂಚು ನೋಡುತ್ತಿದ್ದಳು. ನಾನು ನನ್ನ ಭಜಿಯನ್ನು ಮರೆತು ಅವಳು ಬಿಟ್ಟ ಊಟಗಳನ್ನು ಲೆಕ್ಕ ಹಾಕತೊಡಗಿದೆ. ವಾರಕ್ಕೊಂದು ಮಧ್ಯಾಹ್ನ, ಹಸಿವಿಲ್ಲ ಎಂದು ಅವಳು ಹೇಳಿದ್ದನ್ನು ನಾನು ನಂಬಿ, ಅವಳ ಪಾಲಿನ ರೊಟ್ಟಿಯನ್ನೂ ತಿಂದಿದ್ದೆ.

ಮನೆಗೆ ಬಂದ ಮೇಲೆ, ನನ್ನಿಂದ ನಿನ್ನ ಪುಸ್ತಕ ಕೆಟ್ಟಿತು ಎಂದೆ.

“ಪುಸ್ತಕ ಎಲ್ಲಿ ಕೆಟ್ಟೈತ್ರಿ, ಎಲ್ಲಾರೂ ಎರಡೆರಡ ಒಯ್ದಾರ,” ಎಂದಳು. ಆಮೇಲೆ ಮೆಲ್ಲಗೆ, “ನೇಮ ನಾಕ ಮಂದಿಗೆ ಹೇಳಿಕೊಳ್ಳೂದಲ್ರಿ. ಅದೊಂದ ಕೆಟ್ಟ ಅನಸ್ತು,” ಎಂದಳು.

ಅಲ್ಲೇ ನಿಂತು ಮಾತು ಕೊಟ್ಟೆ. ಚಾತುರ್ಮಾಸ ಮುಗಿಯುವ ತನಕ ಉಳ್ಳಾಗಡ್ಡಿ ಮುಟ್ಟುವುದಿಲ್ಲ, ನನ್ನ ನೇಮ ಇನ್ನು ನನ್ನದೇ. ಅವಳು ನಂಬಿದಳೋ ಇಲ್ಲವೋ, ತಲೆಯಾಡಿಸಿದಳು.

ಮರುದಿನ ಸಂಜೆ ಐದಕ್ಕೆ ಬರೀ ಕಾಲಾಡಿಸಲು ಹೊರಟೆ. ಕಾಲುಗಳಿಗೆ ಗೊತ್ತಿದ್ದ ದಾರಿ ಒಂದೇ. ಮಲಂಗಸಾಬ ನನ್ನನ್ನು ಕಂಡವನೇ ಉಳ್ಳಾಗಡ್ಡಿ ಭಜಿಯ ಬುಟ್ಟಿಯನ್ನು ಆಚೆ ಸರಿಸಿ ಮುಚ್ಚಿದ. ಪಕ್ಕದಲ್ಲಿ ಹೊಸ ಬಾಣಲೆ ಇತ್ತು. ಅದರ ಹಿಂದೆ, ಹಿಟ್ಟು ಮೆತ್ತಿದ ಬೆರಳಿನ ಗುರುತಿನೊಂದಿಗೆ, ಮಂಗಲಳ ಪುಸ್ತಕ ಅರವತ್ನಾಲ್ಕನೇ ಪುಟಕ್ಕೆ ತೆರೆದು ನಿಂತಿತ್ತು. ಅವನ ಹೆಂಡತಿ ಸಕೀನಾಬಿ ಮಂಗಲಳಿಗೆ ಕುಪ್ಪಸ ಹೊಲಿದು ಕೊಡುವವಳು. ಬೆಳಿಗ್ಗೆಯೇ ಒಂದು ಪ್ರತಿ ಒಯ್ದಿದ್ದಳಂತೆ.

“ಬರ್ರಿ ಮಹಾವೀರಣ್ಣ. ಹೊಸಾ ಎಣ್ಣಿ, ಹೊಸಾ ಬಾಣಲಿ, ಬಾಳಿಕಾಯಿ ಭಜಿ. ವೈನಿ ಬರದಂಗ ಅಜವಾನನೂ ಹಾಕೀನಿ,” ಎಂದು ಪ್ಲೇಟು ಮುಂದೆ ಚಾಚಿದ. “ಲಗೂನ ತಿನ್ರಿ, ಹೊತ್ತ ಮುಳಗೂದ್ರಾಗ ಉಣಬೇಕಂತ. ಅದು ಎಪ್ಪತ್ತನೇ ಪುಟದಾಗ ಐತಿ.”

ಬಸ್ಸಿಗೆ ಕಾಯುತ್ತಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ತಿಂದೆ. ನಾಲ್ಕು ವರ್ಷ ಸಂಜೆಯ ಊಟಕ್ಕೆ ಮಂಗಲ ಬಡಿಸಿದ ಇದೇ ಭಜಿಯನ್ನು, ಹೊಟ್ಟೆ ತುಂಬಿದೆ ಎಂದು ಬದಿಗೆ ಸರಿಸಿದ್ದೆ. ಬಹಳ ರುಚಿಯಾಗಿತ್ತು.